ಕೊಚ್ಚಿಯ ಬಂದರಿನಲ್ಲಿ ಅಕ್ಕ ಇಳಿಯಲಿಲ್ಲ

ಶಿವಲೀಲಾ, ಅವತ್ತು ಕೊಚ್ಚಿಯ ಬಂದರಿನಲ್ಲಿ ನಿನ್ನ ಅವ್ವ ಹಡಗಿನಿಂದ ಇಳಿಯದೆ ಉಳಿದದ್ದು ತನ್ನ ಮನಸ್ಸಿನಿಂದಲ್ಲ. ಅವಳನ್ನು ಇಳಿಯದಂತೆ ಮಾಡಿದವಳು ನಾನು, ನಿನ್ನ ಸಣ್ಣವ್ವ ಸುವರ್ಣ. ನಾನು ಒಂದು ಸುಳ್ಳು ಹೇಳಿದೆ. ಅದನ್ನು ಅವಳು ನಂಬಿದಳು, ಅವಳ ಬಾಯಿಂದ ಕೇಳಿ ನೀನೂ ನಂಬಿದೆ. ಅಂದಿನಿಂದ ತಾಯಿ ಮಗಳು ಒಬ್ಬರಿಗೊಬ್ಬರು ಮುಖ ತಿರುಗಿಸಿ— ಅಲ್ಲ, ತಪ್ಪು ಬರೆದೆ. ಅವಳು ತಿರುಗಿಸಿಲ್ಲ. ನೀನು ತಿರುಗಿಸಿದ್ದೀಯ. ಅದಕ್ಕೂ ಕಾರಣ ನಾನೇ.

ಇದನ್ನು ಮೊದಲೇ ಹೇಳಿಬಿಟ್ಟೆ, ಏಕೆಂದರೆ ನನ್ನ ನಾಲಿಗೆ ಎಂಥದ್ದು ಎಂಬುದು ನಿನಗೆ ಗೊತ್ತು. ಸುತ್ತಿ ಬಳಸಿ ಮಾತಾಡುತ್ತ ಹೋದರೆ ಕೊನೆಗೆ ತಪ್ಪೆಲ್ಲ ಹಡಗಿನವರದ್ದು, ಇಲ್ಲವೆ ನಿನ್ನ ಅಪ್ಪನದ್ದು, ಅದೂ ಇಲ್ಲವೆಂದರೆ ಅಕ್ಕನ ಹಣೆಬರಹದ್ದು ಎಂದು ತೋರಿಸುವ ಜಾಣತನ ನನ್ನಲ್ಲಿದೆ. ಇಷ್ಟು ವರ್ಷ ಮನಸ್ಸಿನೊಳಗೆ ಅದನ್ನೇ ಮಾಡುತ್ತ ಬಂದೆ. ಇನ್ನು ಬೇಡ.

ಸಿಂಧನೂರಿನಲ್ಲಿ ನಮ್ಮದು ಗೊಬ್ಬರ, ಬೀಜದ ಅಂಗಡಿ. ಮಾಲು ಹೆಚ್ಚು ಮಾರಿದ ಅಂಗಡಿಯವರನ್ನು ಕಂಪನಿಯವರು ಆಗಾಗ ಟೂರ್ ಕರೆದೊಯ್ಯುತ್ತಾರೆ. ಆ ವರ್ಷ ಕಾಲುವೆಯ ನೀರು ಕಡೆಯ ಹೊಲದವರೆಗೂ ಬಂದಿತ್ತು, ಭತ್ತ ಚೆನ್ನಾಗಿತ್ತು, ನಿನ್ನ ಸಣ್ಣಪ್ಪನವರಿಗೆ ಗಂಡ ಹೆಂಡತಿ ಇಬ್ಬರ ಹಡಗಿನ ಪ್ರವಾಸ ಸಿಕ್ಕಿತು. ಮುಂಬೈಯಿಂದ ಹೊರಟು ಗೋವಾ, ಕೊಚ್ಚಿ ಮುಟ್ಟಿ ಮರಳುವ ದೊಡ್ಡ ಹಡಗು. ಬೇರೆ ಅಂಗಡಿಯವರು ಜೋಡಿಯಾಗಿ ಹೊರಟರು. ನಾನು ಬಿಡುತ್ತೇನೆಯೇ— ಮಕ್ಕಳನ್ನೂ ಕರೆದೊಯ್ಯೋಣ, ಮೇಲಿನ ಖರ್ಚು ನಾನು ಹಿಡಿತದಲ್ಲಿ ಇಡುತ್ತೇನೆ ಎಂದೆ. ಐಶ್ವರ್ಯ, ವಿನಯ ಇಬ್ಬರೂ ಶಾಲೆಗೆ ಹೋಗುವವರು. ಶರಣು ಮಾತ್ರ ಇನ್ನೂ ಚಡ್ಡಿ ಒದ್ದೆ ಮಾಡಿಕೊಳ್ಳುವ ಕೂಸು.

ಯೋಜನೆ ಹಾಕುವುದೆಂದರೆ ನನಗೆ ಹಬ್ಬ. ಹಡಗಿನವರೇ ಪ್ರತಿ ಬಂದರಿನಲ್ಲಿ ಊರು ತೋರಿಸುವ ಬಸ್ಸು ಮಾಡಿರುತ್ತಾರೆ. ತಲೆಗಿಷ್ಟು ಎಂದು ಕೀಳುತ್ತಾರೆ, ಮಕ್ಕಳದ್ದೂ ತಲೆಯೇ. ಅದರಲ್ಲಿ ಹೋಗುವವರಿಗೆ ಬುದ್ಧಿಯಿಲ್ಲ ಎಂದು ನಾನು ಓಣಿಯೆಲ್ಲ ಹೇಳಿಕೊಂಡು ತಿರುಗಿದೆ. ನಾವೇ ಇಳಿಯುವುದು, ಆ ಊರಿನ ಜನ ಹೋಗುವ ಬಸ್ಸು, ದೋಣಿಗಳಲ್ಲೇ ಹೋಗುವುದು. ಹಡಗಿನ ಊಟ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಆದ್ದರಿಂದ ಬೆಳಿಗ್ಗೆ ತಡವಾಗಿ ಹೊಟ್ಟೆ ತುಂಬ ತಿಂದು ಇಳಿಯಬೇಕು, ಮಧ್ಯಾಹ್ನಕ್ಕೆ ಒಂದು ಗೊನೆ ಬಾಳೆಹಣ್ಣು ಸಾಕು, ಸಂಜೆ ಮತ್ತೆ ಹಡಗಿನಲ್ಲೇ ಊಟ. ಒಂದು ಊರಿನಲ್ಲಿ ಒಂದೇ ಜಾಗ ನೋಡಬೇಕು. ಎರಡನೆಯದಕ್ಕೆ ಆಸೆಪಟ್ಟರೆ ಮಕ್ಕಳು ದಣಿದು ಆಟೋ ಬೇಕೆಂದು ರಸ್ತೆಯಲ್ಲಿ ಕೂಡುತ್ತಾರೆ. ಇವೆಲ್ಲ ಸರಿಯಾದ ಮಾತುಗಳೇ, ಯಾರಾದರೂ ಕೇಳಿದರೆ ಇವತ್ತೂ ಇದನ್ನೇ ಹೇಳುತ್ತೇನೆ. ತಪ್ಪು ಆ ಲೆಕ್ಕಾಚಾರದಲ್ಲಿ ಇರಲಿಲ್ಲ. ಅದರೊಳಗೆ ಅಕ್ಕನನ್ನು ನಾನು ಎಲ್ಲಿ ಇಟ್ಟಿದ್ದೆ, ಅಲ್ಲಿ ಇತ್ತು.

ಕೂಸನ್ನು ಹಿಡಿಯಲು ಒಬ್ಬರು ಬೇಕಿತ್ತು. ಲಿಂಗಸುಗೂರಿಗೆ ಫೋನು ಹಚ್ಚಿ ನಿನ್ನ ಅಪ್ಪನಿಗೆ ಹೇಳಿದೆ: "ಭಾವಾರ, ಕೂಸಿನ್ನ ನೋಡಾಕ ಮನಿ ಮಂದೀನ ಬೇಕ್ರಿ. ಅಕ್ಕನ್ನ ಕಳಸ್ರಿ. ಟಿಕೀಟು ನಾ ತೆಗಸ್ತೀನಿ." ಟಿಕೆಟ್ ನಾನು ತೆಗೆಸಿದೆ ಎಂಬ ಹಮ್ಮು ಅಲ್ಲಿಂದಲೇ ನನ್ನ ತಲೆಗೆ ಏರಿತು. ಅವರು ಹೂಂ ಎಂದರು. ಅಕ್ಕ ಒಪ್ಪುವುದಿಲ್ಲ ಎಂದುಕೊಂಡಿದ್ದೆ— ಶ್ರೀಶೈಲಕ್ಕೆ ಕರೆದರೂ ಮೊಣಕಾಲು ನೋವೆನ್ನುವವಳು. ಯಾವ ಯಾವ ಊರಿಗೆ ಹೋಗುತ್ತದೆ ಎಂದು ಕೇಳಿದಳು. ಹೇಳಿದೆ. ಕೊಚ್ಚಿಯ ಹೆಸರನ್ನು ಎರಡು ಸಲ ಹೇಳಿಸಿದಳು.

"ಅಲ್ಲಿ ಹಡಗು ಎಷ್ಟೊತ್ತು ನಿಂದರತೈತಿ?" ಎಂದಳು. ಸಂಜೆವರೆಗೆ ನಿಲ್ಲುತ್ತದೆ ಎಂದೆ. "ಬರ್ತೀನಿ" ಎಂದಳು.

ನೀನು ನರ್ಸಿಂಗ್ ಕಲಿಯಲು ಕೊಚ್ಚಿಗೆ ಹೋದವಳು ಅಲ್ಲಿಯ ಹುಡುಗನನ್ನು ಮದುವೆಯಾಗಿ ಅಲ್ಲೇ ಮನೆ ಮಾಡಿದ್ದೆ. "ಅಕಿ ಹೆಸರು ಈ ಮನ್ಯಾಗ ಯಾರೂ ಎತ್ತಬ್ಯಾಡ್ರಿ" ಎಂದು ನಿನ್ನ ಅಪ್ಪ ಹೇಳಿ ಆಗಿತ್ತು. ಆಗ ನಾನು ಯಾರ ಪರ ಮಾತಾಡಿದೆ ಎಂಬುದನ್ನು ನಿನಗೆ ಯಾರಾದರೂ ಹೇಳಿರಬಹುದು, ಹೇಳಿರದಿದ್ದರೆ ನಾನೇ ಹೇಳುತ್ತೇನೆ. ಮಸ್ಕಿಯ ನಮ್ಮ ತವರುಮನೆಯ ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಯ ಮುಂದೆ, "ಹೆಣ್ಣ ಹುಡುಗ್ರಿಗೆ ಸಾಲಿ ಕಲಿಸಿದ್ರ ಇದ ಆಗೋದು" ಎಂದವಳು ನಾನು. ಅಕ್ಕ ಒಳಗೆ ಜೋಳ ಹಸನು ಮಾಡುತ್ತಿದ್ದಳು. ಅವಳಿಗೆ ಕೇಳಿಸಿತ್ತು. ಕೇಳಿಸಲಿ ಎಂದೇ ದನಿ ಎತ್ತಿದ್ದೆ.

ಹೀಗಿರುವಾಗ ಅವಳು ನನಗೆ ಹೇಗೆ ಹೇಳುತ್ತಾಳೆ? ಗುಟ್ಟಾಗಿ ನಿನಗೆ ಫೋನು ಮಾಡುತ್ತಿದ್ದದ್ದು, ನಿನಗೆ ಹೆರಿಗೆಯಾದದ್ದು, ಹಡಗು ಬರುವ ದಿನ ನೀನು ಕೂಸನ್ನು ಎತ್ತಿಕೊಂಡು ಬಂದರಿನ ಗೇಟಿಗೆ ಬರುತ್ತೇನೆಂದದ್ದು— ನನಗೆ ಹೇಳಿದರೆ ಅದು ನಿನ್ನ ಸಣ್ಣಪ್ಪನ ಕಿವಿಗೆ ಹೋಗುತ್ತದೆ, ಅಲ್ಲಿಂದ ನಿನ್ನ ಅಪ್ಪನ ಕಿವಿಗೆ. ಅವಳು ಹೆದರಿದಳು. ಹೆದರಿದ್ದು ಸರಿಯಾಗಿಯೇ ಇತ್ತು.

ಹಾಗಾದರೆ ನನಗೆ ಏನೂ ಗೊತ್ತಿರಲಿಲ್ಲ ಎಂದು ಬರೆಯಬಹುದು. ಬರೆಯಲು ಹೊರಟೆ, ಕೈ ನಿಂತಿತು. ಗೊತ್ತಿರಲಿಲ್ಲ ನಿಜ, ಆದರೆ ಅನುಮಾನ… ಅನುಮಾನ ಇತ್ತು. ರಾಯಚೂರಿನಿಂದ ಮುಂಬೈಗೆ ಹೋಗುವ ರೈಲಿನಲ್ಲಿ ಅವಳು ಚೀಲ ತೆರೆದಾಗ ಒಂದು ಚಿಕ್ಕ ಕೌದಿ ಕಂಡಿತು. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದದ್ದು. ಯಾರಿಗೆ ಎಂದೆ. "ಶರಣೂಗ" ಎಂದಳು. ಶರಣು ಆಗಲೇ ಓಡಾಡುವ ಹುಡುಗ, ಆ ಕೌದಿ ಅವನ ಮೊಣಕಾಲಿಗೂ ಸಾಲುವಂತಿರಲಿಲ್ಲ. ನನ್ನಂಥ ಹೆಂಗಸಿಗೆ ಅಷ್ಟು ಅರ್ಥವಾಗದೇ? ಅರ್ಥವಾಗುವ ಮೊದಲೇ ನಾನು ಬೇರೆ ಕಡೆ ನೋಡಿದೆ. ನನಗೆ ಬೇಡವಾದದ್ದನ್ನು ತಿಳಿಯದೆ ಇರುವ ಅಭ್ಯಾಸ ನನಗೆ ಚೆನ್ನಾಗಿದೆ.

ಮುಂಬೈಯಲ್ಲಿ ಹಡಗು ಹತ್ತುವಾಗ ತಪಾಸಣೆ ಇತ್ತು. ವಾಚು, ಬೆಲ್ಟು, ಚಪ್ಪಲಿ, ಎಲ್ಲ ಟ್ರೇಯಲ್ಲಿ ಇಟ್ಟು ಬಾಗಿಲು ದಾಟಬೇಕು. ಅಕ್ಕ ದಾಟಿದಾಗ ಯಂತ್ರ ಕೂಗಿತು. ಕೊರಳಲ್ಲಿ ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ತಪಾಸಣೆಯ ಹುಡುಗಿ ಅದನ್ನು ಬಿಚ್ಚಿ ಟ್ರೇಯಲ್ಲಿಡು ಎಂದು ಸನ್ನೆ ಮಾಡಿದಳು. ಅಕ್ಕ ಎರಡೂ ಕೈಯಿಂದ ಕರಡಿಗೆ ಮುಚ್ಚಿಕೊಂಡು ಗೋಡೆಗೆ ಆತುಕೊಂಡಳು. ಅವಳಿಗೆ ಲಿಂಗದೀಕ್ಷೆ ಆದಾಗಿನಿಂದ ಅದು ಮೈಯಿಂದ ಇಳಿದದ್ದೇ ಇಲ್ಲ, ನಿನ್ನ ಹೆರಿಗೆಯಲ್ಲೂ ಇಳಿದಿರಲಿಲ್ಲ. ನಾನು ಮುಂದೆ ಹೋಗಿ ಹಿಂದಿಯಲ್ಲಿ ತಿಳಿಸಿ ಹೇಳಿದೆ. ಆ ಹುಡುಗಿ ಒಳ್ಳೆಯವಳು. ತನ್ನ ಮೇಲಿನವನನ್ನು ಕೇಳಿ ಬಂದು, ಕೊರಳಲ್ಲೇ ಇರಲಿ, ಕೈಯಿಂದ ಮುಟ್ಟಿ ನೋಡುತ್ತೇವೆ, ಪ್ರತಿ ಬಂದರಿನಲ್ಲೂ ಹೀಗೇ ಹೇಳಿ, ಯಾರೂ ತಡೆಯುವುದಿಲ್ಲ ಎಂದಳು. ಅಕ್ಕನಿಗೆ ನಮ್ಮ ಕಡೆಯ ಉರ್ದು ಬರುತ್ತದೆ. ಆ ಹುಡುಗಿಯದ್ದು ಅರ್ಧ ಇಂಗ್ಲಿಷ್ ಬೆರೆತ ಗಡಿಬಿಡಿಯ ಮಾತು. "ಏನಂದ್ಳು?" ಎಂದು ನನ್ನನ್ನು ಕೇಳಿದಳು. "ಬಿಟ್ರು, ನಡಿ" ಎಂದೆ. ಪೂರಾ ಹೇಳಲಿಲ್ಲ. ಬೇಕೆಂದೇ ಮುಚ್ಚಿಡಲಿಲ್ಲ, ಹಿಂದೆ ಸಾಲು ಉದ್ದ ಇತ್ತು. ಆದರೆ ಪೂರಾ ಮಾತು ಗೊತ್ತಿದ್ದವಳು ನಾನೊಬ್ಬಳೇ ಆದೆ.

ಗೋವಾದಲ್ಲಿ ಎಲ್ಲರೂ ಇಳಿದೆವು. ನನ್ನ ಯೋಜನೆ ಅಲ್ಲಿ ಮಣ್ಣು ಮುಕ್ಕಿತು. ಊರ ಬಸ್ಸಿನಲ್ಲಿ ಸಮುದ್ರದ ದಂಡೆಗೆ ಹೋಗುವುದೆಂದು ಗೊತ್ತುಮಾಡಿದ್ದೆ. ಬಸ್ಸಿನಲ್ಲಿ ಶರಣು ವಾಂತಿ ಮಾಡಿದ, ಬಿಸಿಲಿಗೆ ಮೈ ಕಾದಿತು, ಚೀರಾಟ ನಿಲ್ಲಲಿಲ್ಲ. ಅಕ್ಕ ಅವನನ್ನು ಹೆಗಲಿಗೆ ಹಾಕಿಕೊಂಡು ತೆಂಗಿನ ಮರದ ನೆರಳಿನಿಂದ ನೆರಳಿಗೆ ನಡೆದಳು. ದಂಡೆ ಮುಟ್ಟುವ ಮೊದಲೇ ಟ್ಯಾಕ್ಸಿ ಹಿಡಿದು ಹಡಗಿಗೆ ಮರಳಿದೆವು. ಹತ್ತುವಾಗ ಅಕ್ಕನ ಕರಡಿಗೆಯನ್ನು ಕೊರಳಲ್ಲೇ ಮುಟ್ಟಿ ನೋಡಿ ಬಿಟ್ಟರು. ವಿನಯ ದಾರಿಯುದ್ದಕ್ಕೂ ಅತ್ತ. ನಿನ್ನ ಸಣ್ಣಪ್ಪ ಎಲ್ಲರಿಗೂ ಕೇಳುವ ಹಾಗೆ, "ಬಾಳ ಶ್ಯಾಣ್ಯಾಕಿ ನೀ. ಹಡಗಿನವ್ರ ಬಸ್ಸಿನ್ಯಾಗ ಹೋದವ್ರು ಆರಾಮ ಬಂದ್ರು" ಎಂದರು. ಆ ಮಾತು ನನಗೆ ಎಲ್ಲಿ ಹತ್ತಬೇಕೋ ಅಲ್ಲಿ ಹತ್ತಿತು.

ಆವಾಗಲೇ ನಿರ್ಧರಿಸಿದೆ, ಕೊಚ್ಚಿಯಲ್ಲಿ ಕೂಸು ಹಡಗಿನಲ್ಲೇ ಉಳಿಯಬೇಕು. ಮಕ್ಕಳನ್ನು ಆಡಿಸುವ ಕೋಣೆ ಹಡಗಿನಲ್ಲಿ ಇತ್ತು, ಆದರೆ ಚಡ್ಡಿಯ ಬುದ್ಧಿ ಬಾರದ ಕೂಸುಗಳನ್ನು ಅವರು ಸೇರಿಸಿಕೊಳ್ಳುವುದಿಲ್ಲ. ಅಂದರೆ ಒಬ್ಬರು ಜೊತೆಗೆ ಕೂಡಬೇಕು. ನಾನು ಕೂಡಬಹುದಿತ್ತು. ಅವನ ತಾಯಿ ನಾನು. ನಿನ್ನ ಸಣ್ಣಪ್ಪ ಕೂಡಬಹುದಿತ್ತು. ಆದರೆ ಊರ ದೋಣಿಯಲ್ಲಿ ಹಳೆಯ ಕೊಚ್ಚಿಯ ದಂಡೆಗೆ ದಾಟಿ, ದೊಡ್ಡ ದೊಡ್ಡ ಮೀನಿನ ಬಲೆಗಳನ್ನು ಮಕ್ಕಳಿಗೆ ತೋರಿಸಿ, ಒಂದು ಊಟದ ಖರ್ಚಿಲ್ಲದೆ ಮರಳಿ ಬಂದು, "ಈಗ ಹೇಳ್ರಿ, ಯಾರು ಶ್ಯಾಣ್ಯಾರು" ಎಂದು ಅವರ ಮುಖಕ್ಕೆ ಹೇಳಬೇಕಾಗಿತ್ತು ನನಗೆ. ಅದಕ್ಕಾಗಿ. ಇಷ್ಟೇ ಕಾರಣ, ಶಿವಲೀಲಾ. ಇದಕ್ಕಿಂತ ದೊಡ್ಡದನ್ನು ಹುಡುಕಿ ನೋಡಿದೆ, ಸಿಗಲಿಲ್ಲ.

ಅಕ್ಕನನ್ನು ನೇರವಾಗಿ ಕೇಳಬಹುದಿತ್ತು. ಕೇಳಿದರೆ ಒಲ್ಲೆ ಎನ್ನುತ್ತಾಳೆ ಎಂದು ನನಗೆ ಅನಿಸಿತ್ತು. ಹುಟ್ಟಿದಂದಿನಿಂದ ನನಗೆ ಒಲ್ಲೆ ಎನ್ನದವಳು ಕೊಚ್ಚಿಯಲ್ಲಿ ಒಲ್ಲೆ ಎನ್ನುತ್ತಾಳೆ ಎಂದು ಯಾಕೆ ಅನಿಸಿತು? ನೋಡು, ಅನುಮಾನ ಇತ್ತು ಎಂದು ಅದಕ್ಕೇ ಹೇಳಿದ್ದು.

ಕೊಚ್ಚಿ ಮುಟ್ಟಿದ ದಿನ ಅವಳು ಎಲ್ಲರಿಗಿಂತ ಮುಂಚೆ ಎದ್ದು, ಸ್ನಾನ ಮಾಡಿ, ಪೂಜೆ ಮುಗಿಸಿ, ಇಳಕಲ್ ಸೀರೆ ಉಟ್ಟು ಮಂಚದ ತುದಿಯಲ್ಲಿ ಕೂತಿದ್ದಳು. ನಮ್ಮದು ಕಡಿಮೆ ದರದ ಕೋಣೆ, ಕಿಟಕಿ ಇಲ್ಲ. ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ಅವಳು ಮಾತ್ರ ಮೇಲೆ ಹೋಗಿ ಊರು ಕಾಣುತ್ತಿದೆಯೇ ಎಂದು ನೋಡಿ ಬಂದಿದ್ದಳು. ಮುಖ ತುಂಬ ಬೆಳಕಾಗಿತ್ತು. ಮದುವೆಯಾಗಿ ಲಿಂಗಸುಗೂರಿಗೆ ಹೋದ ಮೇಲೆ ಅವಳ ಮುಖ ಅಷ್ಟು ಹಗುರಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಆ ಮುಖ ನೋಡುತ್ತಲೇ ಹೇಳಿದೆ.

"ಅಕ್ಕ, ಇಲ್ಲಿ ಗೋವಾದಂಗ ಅಲ್ಲಂತ. ಇಳಿದು ವಾಪಸ್ ಹತ್ತೋ ಮುಂದ ಲಿಂಗ ಬಿಚ್ಚಿ ಟ್ರೇದಾಗ ಇಡಬೇಕಂತ. ಮಂದಿ ಚಪ್ಪಲಿ ಇಡ್ತಾರಲ್ಲ, ಅದ ಟ್ರೇದಾಗ."

ಚಪ್ಪಲಿ ಎಂಬ ಮಾತನ್ನು ಬೇಕೆಂದೇ ಸೇರಿಸಿದೆ. ಅದಿಲ್ಲದಿದ್ದರೆ ಅವಳು ಬಿಚ್ಚಿಬಿಡುತ್ತಾಳೇನೋ ಎಂಬ ಅಳುಕಿತ್ತು.

"ಯಾರಂದ್ರು?"

"ಅವ್ರ ಅಂದ್ರು."

"ಕೊರಳಾಗ ಇದ್ದಂಗ ನೋಡಂಗಿಲ್ಲೇನು? ನೀ ಒಂದ್ಮಾತು ಹೇಳು, ಸುವರ್ಣಾ. ಮುಂಬೈದಾಗ ಹೇಳಿದ್ಯಲ್ಲ, ಹಂಗ ಹೇಳು."

"ಕೇಳಿದೆ ಅಕ್ಕ. ಇಲ್ಲಂದ್ರು."

ಅವಳು ಶಿವದಾರಕ್ಕೆ ಕೈ ಹಾಕಿದಳು. ಮೆಲ್ಲಗೆ ಎತ್ತಿದಳು, ಕಿವಿಯವರೆಗೆ ಬಂತು. ನಾನು ನೋಡುತ್ತ ನಿಂತಿದ್ದೆ. ಆ ಕ್ಷಣದಲ್ಲಿ ನಾನು 'ಬಿಡಕ್ಕ, ಸುಳ್ಳು' ಎಂದಿದ್ದರೆ ನಗೆಚಾಟಿಕೆಯಲ್ಲಿ ಹೋಗಿಬಿಡುತ್ತಿತ್ತು, ನಾಲ್ಕು ಬೈಗುಳ ತಿನ್ನುತ್ತಿದ್ದೆ, ಅಷ್ಟೆ. ಅವಳು ಕೈ ಬಿಟ್ಟಳು. ದಾರ ಮತ್ತೆ ಕೊರಳಿಗೆ ಬಿತ್ತು. ಕರಡಿಗೆಯನ್ನು ಸೆರಗಿನಡಿ ಸರಿಸಿದಳು.

"ನೀವು ಹೋಗಿ ಬರ್ರಿ" ಎಂದಳು. "ಕೂಸಿನ್ನ ನಾ ನೋಡ್ಕೊಂತೀನಿ."

ನನಗೆ ಬೇಕಾದ ಮಾತು ಅದೇ ಆಗಿತ್ತು, ಒಂದಕ್ಷರ ಹೆಚ್ಚು ಕಡಿಮೆ ಇಲ್ಲದೆ.

ಬಂದರಿನ ಗೇಟಿನ ಹೊರಗೆ, ಆಟೋದವರ ಗುಂಪಿನ ಪಕ್ಕದಲ್ಲಿ ನೀನು ನಿಂತಿದ್ದೆ. ಹೆಗಲ ಮೇಲೆ ಕೂಸು, ಅದರ ತಲೆಗೆ ಬಟ್ಟೆ ಹೊದಿಸಿದ್ದೆ. ಹೊರಗೆ ಬರುವ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದೆ. ನಾನು ನಿನ್ನನ್ನು ಕಂಡೆ. ಯಾರೋ ನಿನ್ನಂತೆ ಕಂಡರು ಎಂದಲ್ಲ, ನೀನೇ ಎಂದು ಗುರುತು ಹಿಡಿದೆ. ನಿನ್ನ ಹತ್ತಿರ ಬಂದರೆ ನೀನು ಮೊದಲು ಕೇಳುವುದು 'ಅವ್ವ ಎಲ್ಲಿ' ಎಂದು. ಆಗ ನಾನು ಹಿಂದೆ ಹೋಗಿ ಅವಳನ್ನು ಕರೆತರಬೇಕು, ಶರಣೂ ಬರುತ್ತಾನೆ, ದೋಣಿ ತಪ್ಪುತ್ತದೆ, ನಿನ್ನ ಸಣ್ಣಪ್ಪನ ಮುಂದೆ ಎಲ್ಲ ಬಯಲಾಗುತ್ತದೆ… ಇಷ್ಟೆಲ್ಲ ಒಂದೇ ಉಸಿರಿನಲ್ಲಿ ತಲೆಯೊಳಗೆ ಹಾದು ಹೋಯಿತು. ಬಿಸಿಲಿಗೆಂದು ಹಿಡಿದ ಛತ್ರಿಯನ್ನು ನಿನ್ನ ಕಡೆಗೆ ಓರೆ ಮಾಡಿದೆ. ಮುಖ ಆ ಕಡೆ ತಿರುಗಿಸಿದೆ. ಬೇಗ ಬೇಗ ನಡೆದೆ.

ಐಶ್ವರ್ಯ ನನ್ನ ಸೆರಗು ಜಗ್ಗಿದಳು. "ಅವ್ವಾ, ಅಲ್ಲಿ ಲೀಲಕ್ಕ ಅಲ್ಲೇನು?"

"ಅಲ್ಲ. ಮುಚ್ಕೊಂಡು ನಡಿ" ಎಂದೆ.

ನೀನು ನನ್ನನ್ನು ನೋಡಿದೆಯೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು.

ದೋಣಿ ಸಿಕ್ಕಿತು. ಮಕ್ಕಳು ಕುಣಿದಾಡಿದರು. ಬಲೆ ನೋಡಿದೆವು, ಬಾಳೆಹಣ್ಣು ತಿಂದೆವು. ನಿನ್ನ ಸಣ್ಣಪ್ಪ ನನ್ನ ಬೆನ್ನು ತಟ್ಟಿದರು. ಆ ದಿನದ ಫೋಟೋಗಳಲ್ಲಿ ನಾನು ನಗುತ್ತಿದ್ದೇನೆ. ಚೆನ್ನಾಗಿಯೇ ನಕ್ಕಿದ್ದೇನೆ.

ಮರಳಿ ಬಂದಾಗ ಗೇಟಿನ ಹತ್ತಿರ ನೀನು ಇರಲಿಲ್ಲ. ಎದೆಯ ಭಾರ ಇಳಿಯಿತು ಎಂದು ಉಸಿರು ಬಿಟ್ಟೆ. ಹಡಗಿನ ಮೇಲ್ಗಡೆ ಅಕ್ಕ ಊರಿನ ಕಡೆ ಮುಖ ಮಾಡಿ ಕೂತಿದ್ದಳು. ಶರಣು ಅವಳ ತೊಡೆಯ ಮೇಲೆ ನಿದ್ದೆ ಮಾಡಿದ್ದ. ಅವನಿಗೆ ಆ ಚಿಕ್ಕ ಕೌದಿ ಹೊದಿಸಿದ್ದಳು, ಕಾಲು ಎರಡೂ ಹೊರಗೆ ಚಾಚಿದ್ದವು. ಅವಳ ಕಣ್ಣು ಊದಿದ್ದವು. ನಾನು ಕೇಳಲಿಲ್ಲ. ಅವಳೇ ಕೇಳಿದಳು: "ಗೇಟಿನ ಹೊರಗ ಬಾಳ ಮಂದಿ ಇದ್ರೇನು?"

"ಯಾರಿರ್ತಾರ ಅಕ್ಕ. ಆಟೋದವ್ರು" ಎಂದೆ.

ನಾವು ದೋಣಿಯಲ್ಲಿದ್ದಾಗ ಅವಳು ನಿನಗೆ ಫೋನು ಮಾಡಿದ್ದಳು. ಅದು ನನಗೆ ತಿಳಿದದ್ದು ಕೆಲವು ತಿಂಗಳ ಮೇಲೆ. ಬಳಗದ ಒಂದು ಸೀಮಂತಕ್ಕೆ ಲಿಂಗಸುಗೂರಿಗೆ ಹೋದಾಗ ಅವಳ ಕೊರಳು ಬರಿದಾಗಿತ್ತು. ಮೊದಲು ನನಗೆ ಏನು ಕಾಣೆಯಾಗಿದೆ ಎಂದು ಹೊಳೆಯಲಿಲ್ಲ. ಹೊಳೆದಾಗ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ.

"ಫೋನಿನ್ಯಾಗ ಅಕಿ ಕೇಳಿದ್ಳು," ಎಂದಳು ಅಕ್ಕ, "'ಅವ್ವಾ, ನಿನಗ ಲಿಂಗ ದೊಡ್ಡದೋ, ನಾ ದೊಡ್ಡಾಕಿನೋ' ಅಂತ. ನನ್ನ ಬಾಯಿ ಹೊಳ್ಳಲಿಲ್ಲ. ಇಟ್ಟುಬಿಟ್ಳು. ಆಮ್ಯಾಲೆ ಎಷ್ಟ ಹಚ್ಚಿದ್ರೂ ಎತ್ತವಲ್ಲಳು. ಈಗ ಇದು ಎದಿ ಮ್ಯಾಲೆ ಇದ್ರ ಸುಡ್ತೈತಿ, ಸುವರ್ಣಾ. ಮಗಳನ್ನ ಬಿಟ್ಟು ಹಿಡಕೊಂಡ ಲಿಂಗ ಇದು. ದೇವ್ರ ಜಗಲಿ ಮ್ಯಾಲೆ ಇಟ್ಟೀನಿ. ಪೂಜಿ ಮಾಡ್ತೀನಿ. ಕಟ್ಟಿಕೊಳ್ಳಾಕ ಕೈ ಬರವಲ್ದು."

ನಿನಗೆ ಇದು ತಿಳಿದಿಲ್ಲ. ನೀನು ಆ ಪ್ರಶ್ನೆ ಕೇಳಿ ಫೋನು ಇಟ್ಟೆ. ಅವಳು ಅದಕ್ಕೆ ಉತ್ತರವನ್ನು ಹಾಗೆ ಕೊಟ್ಟಳು, ಕೊಟ್ಟದ್ದು ನಿನಗೆ ಮುಟ್ಟಲಿಲ್ಲ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಏನಾಯಿತು ಎಂದು ಕೇಳಬೇಡ. ಮಠದ ಅಯ್ಯನವರು ಬಂದು ಬುದ್ಧಿ ಹೇಳಿದರು. ನೆರೆಯವರು ಹಬ್ಬಕ್ಕೆ ಕರೆಯುವುದು ಬಿಟ್ಟರು. "ಲಿಂಗ ಇಲ್ಲದಾಕಿ ಕೈಲೆ ನಾ ಉಣ್ಣಂಗಿಲ್ಲ" ಎಂದು ನಿನ್ನ ಅಪ್ಪ ಅಡುಗೆಗೆ ಬೇರೆ ಹೆಂಗಸನ್ನು ಇಟ್ಟರು. ಯಾಕೆ ಬಿಚ್ಚಿದೆ ಎಂದು ಎಲ್ಲರೂ ಕೇಳಿದರು. ಹೇಳಿದರೆ ನಿನ್ನ ಹೆಸರು ಬರುತ್ತದೆ, ಆದ್ದರಿಂದ ಅವಳು ಯಾರಿಗೂ ಹೇಳಲಿಲ್ಲ. ನನಗೊಬ್ಬಳಿಗೆ ಹೇಳಿದಳು. ನಂಬಿ ಹೇಳಿದಳು.

ಆ ಹಿತ್ತಲಲ್ಲಿ, ಅವಳ ಕೈ ನನ್ನ ಕೈಯಲ್ಲಿ ಇದ್ದಾಗ, ನಾನು ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ನಾನು ಹೇಳಿದ್ದು ಏನು ಗೊತ್ತೇ? "ಹೋಗ್ಲಿ ಬಿಡಕ್ಕ, ಎಲ್ಲಾ ಹಣೆಬರಹ." ಇಷ್ಟು ಹೇಳಿ ಸೀಮಂತದ ಊಟಕ್ಕೆ ಕೂತೆ. ಹೋಳಿಗೆ ತಿಂದೆ. ಮೊದಲ ಸುಳ್ಳು ಅವಸರದ್ದು ಎಂದಾದರೂ ಹೇಳಿಕೊಳ್ಳಬಹುದು. ಇದು ಅಲ್ಲ. ಇದನ್ನು ಆರಾಮವಾಗಿ, ಕೂತು, ತಿಳಿದು ಮಾಡಿದೆ.

ಆಮೇಲೆ ವರ್ಷಗಳು ಹೋದವು. ಅಂಗಡಿ, ಮಕ್ಕಳ ಶಾಲೆ, ಹಬ್ಬ. ಅಕ್ಕನ ಮನೆಗೆ ಹೋಗುವುದು ಕಡಿಮೆ ಮಾಡಿದೆ. ಫೋನು ಬಂದರೆ ಗಿರಾಕಿ ಇದ್ದಾರೆ ಎಂದೆ.

ಈ ಬೇಸಿಗೆಯಲ್ಲಿ ಮತ್ತೆ ಎಲ್ಲಿಗಾದರೂ ಹೋಗೋಣ ಎಂದು ನಿನ್ನ ಸಣ್ಣಪ್ಪ ಮಾತು ತೆಗೆದರು. ನನ್ನ ಬಾಯಿಗೆ ಏನು ಬಂತೋ, ಅಕ್ಕನನ್ನೂ ಕರೆಯೋಣ ಎಂದೆ. ಐಶ್ವರ್ಯ ಈಗ ಕಾಲೇಜಿಗೆ ಹೋಗುವ ಹುಡುಗಿ. ಪುಸ್ತಕದಿಂದ ತಲೆ ಎತ್ತದೆ ಹೇಳಿದಳು: "ದೊಡ್ಡವ್ವನ್ನ ಯಾಕ ಕರೀತಿ? ಮತ್ತ ಹಡಗಿನ್ಯಾಗ ಕುಂದರಸಿ ಬರಾಕೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ನಾನು ಸಿಟ್ಟಿಗೆದ್ದೆ. ಬಾಯಿಗೆ ಬಂದದ್ದು ಬೈದೆ. ಅವಳು ಪುಸ್ತಕ ಮುಚ್ಚಿದಳು. "ಅವತ್ತು ಗೇಟಿನ ಹತ್ರ ಇದ್ದಾಕಿ ಲೀಲಕ್ಕನ. ನನಗ ಗೊತ್ತೈತಿ. ನಾ ತಿರುಗಿ ತಿರುಗಿ ನೋಡೀನಿ" ಎಂದು ಒಳಗೆ ಹೋದಳು. ಇಷ್ಟು ದಿನ ಆ ಹುಡುಗಿ ಅದನ್ನು ಇಟ್ಟುಕೊಂಡು ನನ್ನ ಮುಖ ನೋಡುತ್ತಿದ್ದಳು.

ಮರುದಿನ ಲಿಂಗಸುಗೂರಿನ ಬಸ್ಸು ಹತ್ತಿದೆ. ಮಸ್ಕಿ ಬಂದಾಗ ಧೈರ್ಯ ಸಾಲದೆ ಇಳಿದುಬಿಟ್ಟೆ. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತೆ. ತವರುಮನೆಗೆ ಹೋಗಿ ಒಂದು ಗಳಿಗೆ ಮಲಗಿ ಮರಳಿಬಿಡಲೇ ಎನಿಸಿತು. ಲಿಂಗಸುಗೂರಿನ ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಕೊನೆಗೆ ಒಂದರಲ್ಲಿ ಹತ್ತಿದೆ. ಹೇಗೆ ಹತ್ತಿದೆನೋ.

ನಿನ್ನ ಅಪ್ಪ ಪೇಟೆಗೆ ಹೋಗಿದ್ದರು. ಅಕ್ಕ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ನಾನು ನಿಂತೇ ಹೇಳಿದೆ, ಕೂತರೆ ಮಾತು ಬೇರೆ ಕಡೆ ಹೋಗುತ್ತದೆ ಎಂದು. ಮುಂಬೈಯ ಹುಡುಗಿ ಏನು ಹೇಳಿದ್ದಳು, ಕೊಚ್ಚಿಯಲ್ಲಿ ನಾನು ಏನು ಹೇಳಿದೆ, ಯಾಕೆ ಹೇಳಿದೆ, ಗೇಟಿನಲ್ಲಿ ಯಾರನ್ನು ಕಂಡೆ, ಛತ್ರಿ ಹೇಗೆ ಹಿಡಿದೆ. ಒಂದನ್ನೂ ಬಿಡಲಿಲ್ಲ. ಅವಳ ಕೈ ನಿಂತಿತ್ತು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದರೆ ಚೆನ್ನಾಗಿತ್ತು.

"ಬಿಚ್ಚೋದು ಬೇಕಾಗಿರಲಿಲ್ಲೇನು?" ಎಂದಳು.

"ಇಲ್ಲಕ್ಕ. ಕೊರಳಾಗ ಇದ್ದಂಗ ಹೋಗಬಹುದಿತ್ತು."

ಶಿವಲೀಲಾ, ನಾನು ನಿನ್ನಲ್ಲಿ ಕ್ಷಮೆ ಕೇಳುತ್ತಿಲ್ಲ. ಕೊಡಬೇಡ. ನಿನ್ನ ಅಪ್ಪನಿಗೆ ಹೇಳುವುದು ಬಾಕಿ ಇದೆ, ನಿನ್ನ ಸಣ್ಣಪ್ಪನಿಗೂ. ಅದು ನನ್ನ ಪಾಲಿನದು, ನಾನೇ ಹೇಳುತ್ತೇನೆ. ಐಶ್ವರ್ಯಳ ಹತ್ತಿರ ನಿನ್ನ ನಂಬರ್ ಇದೆಯಂತೆ, ಇದನ್ನು ಅವಳೇ ನಿನಗೆ ಮುಟ್ಟಿಸುತ್ತಾಳೆ. ನಿನ್ನ ಅವ್ವ ಬರುತ್ತಾಳೆ. ನೀನು ಬಾ ಎಂದರೆ ರಾಯಚೂರಿನಲ್ಲಿ ರೈಲು ಹತ್ತಿಸಿ ನಾನು ಹಿಂದಿರುಗುತ್ತೇನೆ. ನಿಮ್ಮ ನಡುವೆ ನಿಲ್ಲುವ ಮುಖ ನನಗಿಲ್ಲ. ಅವಳನ್ನು ನೀನು ಬಯ್ದರೂ ಸರಿ, ಅವಳ ಫೋನು ಎತ್ತು.

ನಾನು ಎಲ್ಲ ಹೇಳಿದ ಆ ದಿನ ಅವಳು ನನಗೆ ಒಂದು ಬೈಗುಳವನ್ನೂ ಬಯ್ಯಲಿಲ್ಲ. ಮೆಣಸಿನಕಾಯಿಯ ಖಾರ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಎದ್ದು ಬಂದು ನನ್ನ ಎದುರಿಗೆ ನಿಂತಳು. ನಾನು ತಲೆ ತಗ್ಗಿಸಿದೆ.

"ಅಕಿ ಖರೇನ ಬಂದಿದ್ಳೇನು ಗೇಟಿಗೆ?"

"ಬಂದಿದ್ಳು."

"ಕೂಸಿನ್ನೂ ತಂದಿದ್ಳೇನು?"

"ಹೂಂ. ಹೆಗಲ ಮ್ಯಾಲೆ ಇತ್ತು."

ಅವಳು ನನ್ನ ಗದ್ದ ಹಿಡಿದು ಮುಖ ಎತ್ತಿದಳು. ಸಣ್ಣವಳಿದ್ದಾಗ ಹಾಗೆ ಹಿಡಿಯುತ್ತಿದ್ದಳು. ಕಣ್ಣು ಅಗಲವಾಗಿದ್ದವು, ಅವುಗಳಲ್ಲಿ ಸಿಟ್ಟಿರಲಿಲ್ಲ, ಒಂದು ಆಸೆ ಇತ್ತು. ನಾನು ಕಂಡು ಬಂದವಳಲ್ಲವೇ. ಅವಳ ಪಾಲಿಗೆ ಆ ಕೂಸನ್ನು ಕಂಡವಳು ನಾನೊಬ್ಬಳೇ ಅಲ್ಲವೇ.

"ಯಾರ ಹಂಗ ಐತಿ?" ಎಂದಳು.

ಅವತ್ತು ಗೇಟಿನಲ್ಲಿ ನಾನು ಮುಖ ತಿರುಗಿಸಿದ್ದೆ. ಕೂಸಿನ ಮುಖ ನೋಡಿರಲಿಲ್ಲ.